ಆವಣಿ ಬೆಟ್ಟಕ್ಕೆ ಕಿತ್ತಳೆ ಬಣ್ಣ

ಕಂಡ ಬಣ್ಣ ಬಿಟ್ಟು ಮನಸ್ಸಿಗೆ ಅನಿಸಿದ ಬಣ್ಣ ಹಾಕುವ ಎಕ್ಸ್‌ಪ್ರೆಷನಿಸ್ಟ್ ಶೈಲಿಯಲ್ಲಿ ಹಳ್ಳಿ ಬಿಡಿಸಲು ಕೂತರೆ ಕೈ ಮೊದಲು ಕೆಂಪು ಟ್ಯೂಬಿಗೇ ಹೋಗುತ್ತದೆ. ಈ ಶೈಲಿ ಬೆಳೆದ ಜರ್ಮನಿಯ ಹಸಿರು ಗುಡ್ಡಗಳ ನಡುವೆ ಕೆಂಪು ದಾರಿ ಎಳೆದರೆ ನೋಡುವವರು ಬೆಚ್ಚುತ್ತಾರೆ, ಸರಿ. ನಮ್ಮ ಮುಳಬಾಗಿಲು ಕಡೆ ಮಣ್ಣು ಮೊದಲೇ ಕೆಂಪು. ಇಲ್ಲಿ ಯಾರು ಬೆಚ್ಚುತ್ತಾರೆ? ಅದಕ್ಕೇ ಇಲ್ಲಿನ ಆವಣಿ ಎಂಬ ಊರಿನ ಚಿತ್ರದಲ್ಲಿ ನೆಲಕ್ಕೆ ನೇರಳೆ, ಬೆಟ್ಟಕ್ಕೆ ಕಿತ್ತಳೆ, ಆಕಾಶಕ್ಕೆ ಹಸಿರು ಬೆರೆತ ಹಳದಿ ಕೊಟ್ಟೆ. ನನಗೆ ಬೇಕಿದ್ದದ್ದು ಮಾರ್ಚ್ ತಿಂಗಳ ಮಧ್ಯಾಹ್ನ, ಬಂಡೆ ಮುಟ್ಟಿದರೆ ಕೈ ಸುಡುವ ಬಿಸಿಲು.

ಊರಿನಲ್ಲಿ ಪೆನ್ಸಿಲ್ ಕೆಲಸ ಮಾತ್ರ ಮಾಡಿದೆ. ಗಾಳಿ ಬಂದರೆ ಹಸಿ ಆಯಿಲ್ ಪೇಂಟಿಗೆ ಧೂಳು ಮೆತ್ತುತ್ತದೆ. ಬಂಡೆ, ಕಲ್ಲುಚಪ್ಪಡಿ ಮನೆಗಳು, ಹುಲ್ಲಿನ ಬಣವೆ, ಹೊಸ ಚಿಗುರಿನ ಹೊಂಗೆಮರ. ಒಂದೊಂದರ ಮೇಲೂ ಅದು ಎಷ್ಟು ಕಪ್ಪು, ಎಷ್ಟು ಬಿಳುಪು ಎಂದು ಒಂದರಿಂದ ಐದರವರೆಗೆ ಅಂಕಿ ಬರೆದುಕೊಂಡೆ. ಬಣ್ಣದ ಹೆಸರು ಬರೆಯಲಿಲ್ಲ. ಬಣ್ಣ ನನ್ನಿಷ್ಟ. ಬೆಳಕು-ನೆರಳಿನ ಲೆಕ್ಕ ಮಾತ್ರ ಬಿಸಿಲಿನದ್ದು. ಅದನ್ನು ತಪ್ಪಿಸಿದರೆ ಬೆಟ್ಟ ಬೆಟ್ಟವಾಗಿ ಕಾಣುವುದೇ ಇಲ್ಲ.

ರೇಖೆ ದಪ್ಪವಾಗಿ ಎಳೆಯುವುದನ್ನು ಜರ್ಮನಿಯ ಕಲಾವಿದೆ ಗೇಬ್ರಿಯೆಲ್ ಮ್ಯೂಂಟರ್ ಚಿತ್ರಗಳಿಂದ ಕಲಿತೆ. 1908ರಲ್ಲಿ ಆಕೆ ರಷ್ಯಾ ಮೂಲದ ಕಲಾವಿದ ಕ್ಯಾಂಡಿನ್‌ಸ್ಕಿ ಜೊತೆ ದಕ್ಷಿಣ ಜರ್ಮನಿಯ ಮುರ್ನೌ ಎಂಬ ಊರಿಗೆ ಹೋಗಿ ಅಲ್ಲಿನ ಮನೆ, ಬೆಟ್ಟಗಳನ್ನು ಬಿಡಿಸಿದರು. ದೊಡ್ಡ ದೊಡ್ಡ ಬಣ್ಣದ ತುಂಡುಗಳು, ಸುತ್ತ ಗಾಢ ಗೆರೆ, ಅಷ್ಟೇ. ನಾನೂ ಬೆಟ್ಟದ ಲೆಕ್ಕವಿಲ್ಲದ ಬಂಡೆಗಳಲ್ಲಿ ಏಳೆಂಟನ್ನು ಇಟ್ಟುಕೊಂಡು ಉಳಿದವನ್ನು ಬಿಟ್ಟೆ. ಗೆರೆಗೆ ಕಪ್ಪು ಟ್ಯೂಬ್ ಬಳಸಲಿಲ್ಲ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಪು-ಕಂದು ಮಣ್ಣಿನ ಬಣ್ಣ ಬೆರೆಸಿದರೆ ಕಪ್ಪಿನ ಹತ್ತಿರದ ಬಣ್ಣ ಬರುತ್ತದೆ, ಅದರಲ್ಲಿ ಜೀವ ಜಾಸ್ತಿ.

ಕ್ಯಾನ್ವಾಸ್ 18x24 ಇಂಚಿನದು. ಬಣ್ಣಕ್ಕೂ ಮೊದಲು ಬಟ್ಟೆಗೆ ಬಳಿಯುವ ಬಿಳಿ ಜೆಸ್ಸೊ ಒಣಗಿದ ಮೇಲೆ ಟರ್ಪೆಂಟೈನ್‌ನಲ್ಲಿ ತೆಳು ಮಾಡಿದ ಬರ್ನ್ಟ್ ಸಿಯೆನ್ನಾ ಬಳಿದೆ. ನಮ್ಮ ಕೆಮ್ಮಣ್ಣು ಇಲ್ಲೇ ಬಂದುಬಿಟ್ಟಿತು ನೋಡಿ, ಎಲ್ಲದರ ಅಡಿಯಲ್ಲಿ.

ಜಾಸ್ತಿ ಸತಾಯಿಸಿದ್ದು ನೆಲ. ನೇರಳೆ ಸ್ವಭಾವದಲ್ಲೇ ಗಾಢ ಬಣ್ಣ. ಮಧ್ಯಾಹ್ನದ ನೆಲವೋ ಕಣ್ಣು ಕುಕ್ಕುವಷ್ಟು ಬಿಳುಪು. ಬಿಳಿ ಬೆರೆಸುತ್ತಾ ಹೋದರೆ ನೇರಳೆ ಸುಣ್ಣ ಕಲಸಿದ ಹಾಗೆ ಮಂಕಾಗುತ್ತದೆ. ಅದಕ್ಕೆ ಬಿಳಿಯನ್ನು ಸ್ವಲ್ಪಕ್ಕೇ ನಿಲ್ಲಿಸಿ, ಬಿರುಸು ಕೂದಲಿನ ಅಗಲ ಬ್ರಷ್‌ನಲ್ಲಿ ಬಿಡಿಬಿಡಿಯಾಗಿ ಹೊಡೆದೆ. ನಡುವೆ ಅಡಿಯ ಕೆಂಪು ಇಣುಕುವಂತೆ ಸಂದು ಬಿಟ್ಟೆ. ಒಣಗಿದ ಮೇಲೆ ತೆಳು ಗುಲಾಬಿಯನ್ನು ಬಣ್ಣ ಸವರುವ ಮೊಂಡು ನೈಫಿನಲ್ಲಿ ಮೇಲೆಮೇಲೆ ಸವರಿದೆ. ಆಗ ನೆಲ ಕಾದಂತೆ ಕಂಡಿತು. ಮೊಬೈಲಿನಲ್ಲಿ ಫೋಟೊ ತೆಗೆದು ಕಪ್ಪು-ಬಿಳುಪು ಮಾಡಿ ನನ್ನ ಅಂಕಿಗಳ ಜೊತೆ ಹೋಲಿಸಿದೆ. ಆಕಾಶ ಎಲ್ಲಕ್ಕಿಂತ ಬೆಳ್ಳಗೆ, ಹೊಂಗೆಯ ನೆರಳು ಎಲ್ಲಕ್ಕಿಂತ ಕಪ್ಪು. ಈ ಪರೀಕ್ಷೆ ಬೇಡ ಎನ್ನುವ ಕಲಾವಿದರಿದ್ದಾರೆ. ನನಗೆ ಬೇಕು.

ಎಣ್ಣೆಯ ವಿಷಯದಲ್ಲಿ ಹಳೇ ನಿಯಮವೇ: ಅಡಿಯ ಪದರಕ್ಕೆ ಟರ್ಪೆಂಟೈನ್, ಮಧ್ಯಕ್ಕೆ ಟ್ಯೂಬಿನ ಬಣ್ಣ ಹಾಗೇ, ಕೊನೆಯದಕ್ಕೆ ಅಗಸೆ ಎಣ್ಣೆ. ತಲೆಕೆಳಗಾದರೆ ಮೇಲಿನದು ಮೊದಲು ಒಣಗಿ ಬಿರುಕು ಬಿಡುತ್ತದೆ. ಸಿಯೆನ್ನಾದಂಥ ಮಣ್ಣಿನ ಬಣ್ಣ ಬೇಗ ಒಣಗುತ್ತದೆ. ನೇರಳೆಗೆ ಬಳಸಿದ ಅಲಿಝರಿನ್ ಎಂಬ ಗಾಢ ಕೆಂಪು ತುಂಬಾ ನಿಧಾನ.

ಊರಿನ ಒಬ್ಬ ಅಜ್ಜನಿಗೆ ಚಿತ್ರ ತೋರಿಸಿದೆ. "ಬೆಟ್ಟ ಕಾದೈತಲ್ಲಪ್ಪ" ಎಂದರು. ಬಣ್ಣ ಯಾಕೆ ಹೀಗೆ ಎಂದು ಕೇಳಲಿಲ್ಲ. ಹೊಂಗೆಮರ ಮಾತ್ರ ಅವರಿಗೆ ಹಿಡಿಸಲಿಲ್ಲ, ಕೊಂಬೆ ಕಮ್ಮಿಯಂತೆ. ಅದನ್ನು ಹಾಗೇ ಬಿಟ್ಟಿದ್ದೇನೆ. ಈಗ ಕ್ಯಾನ್ವಾಸ್ ಧೂಳಿಗೆ ಬೆನ್ನು ಮಾಡಿ ಗೋಡೆಗೆ ಒರಗಿದೆ. ವಾರ್ನಿಷ್ ಹಚ್ಚಲು ಕನಿಷ್ಠ ಆರು ತಿಂಗಳು ಕಾಯಬೇಕು.