ತಲಪಾಡಿಯ ತಡೆ ತೆಗೆಯುವವರು ಯಾರು? ನನ್ನ ಕ್ಲಾಸಿನ ಅನುಭವ

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ಕಡೆಯ ಒಂದು ಕನ್ನಡ ಮೀಡಿಯಂ ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗದ ಪಾಠವನ್ನು ಬಹಳ ವರ್ಷ ಬೋರ್ಡಿನಲ್ಲಿ ಮೂರು ಚೌಕ ಬರೆದೇ ಮುಗಿಸುತ್ತಿದ್ದೆ. ಮಕ್ಕಳು ಬಾಯಿಪಾಠ ಮಾಡುತ್ತಿದ್ದರು, ಮಾರ್ಕೂ ಬರುತ್ತಿತ್ತು. ಆದರೆ "ನಿಮ್ಮ ದಾರಿಯನ್ನು ಯಾರಾದರೂ ಮುಚ್ಚಿದರೆ ಯಾರ ಹತ್ತಿರ ಹೋಗ್ತೀರಿ?" ಎಂದು ಕೇಳಿದರೆ ಒಬ್ಬರೂ ಬಾಯಿ ಬಿಡುತ್ತಿರಲಿಲ್ಲ.

2020ರ ಮಾರ್ಚಿನಲ್ಲಿ ದಾರಿ ನಿಜವಾಗಿಯೂ ಮುಚ್ಚಿತು. ಕೊರೊನಾ ಹರಡಬಾರದೆಂದು ಕರ್ನಾಟಕ, ನಾವು ಮಂಗಳೂರಿಗೆ ಹೋಗುವ ದಾರಿಯ ತಲಪಾಡಿಯಲ್ಲಿ ಗಡಿ ಬಂದ್ ಮಾಡಿತು. ನಮ್ಮ ಊರಿನವರಿಗೆ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರು. ಹಾಗಾಗಿ ಈ ವಿಷಯ ಪ್ರತಿ ಮನೆಯ ಮಾತಾಯಿತು. ಶಾಲೆ ಮತ್ತೆ ತೆರೆದಾಗ ನಾನು ಆ ಮೂರು ಚೌಕ ಬಿಟ್ಟೆ.

ಜಗಲಿಯಲ್ಲಿ ಚಾಕ್‌ನಿಂದ ಉದ್ದಕ್ಕೆ ಒಂದು ರಸ್ತೆ ಬರೆದೆ. ಅದು ರಾಷ್ಟ್ರೀಯ ಹೆದ್ದಾರಿ 66. ನಡುವೆ ಅಡ್ಡ ಗೆರೆ ಎಳೆದು ಅದರ ಮೇಲೆ ಒಂದು ಬೆಂಚು ಇಟ್ಟೆ. ಮಕ್ಕಳಿಗೆ ಚೀಟಿ ಹಂಚಿದೆ: ಕೇರಳದ ಮುಖ್ಯಮಂತ್ರಿ, ಕರ್ನಾಟಕದ ಪೊಲೀಸ್, ಕೇರಳ ವಿಧಾನಸಭೆ, ಕೇರಳ ಹೈಕೋರ್ಟ್, ಕೇಂದ್ರ ಸರಕಾರ, ಸುಪ್ರೀಂ ಕೋರ್ಟ್, ಆಂಬುಲೆನ್ಸ್ ಚಾಲಕ. ನಿಯಮ ಒಂದೇ. ಬೆಂಚು ಮುಟ್ಟಬೇಕಾದರೆ ಸಂವಿಧಾನದಲ್ಲಿ ಆ ಅಧಿಕಾರ ಎಲ್ಲಿದೆ ಎಂದು ತೋರಿಸಬೇಕು. ಅದಕ್ಕಾಗಿ ಏಳನೇ ಅನುಸೂಚಿಯ ಜೆರಾಕ್ಸ್ ಕೊಟ್ಟಿದ್ದೆ. ಯಾವ ವಿಷಯ ಕೇಂದ್ರದ್ದು, ಯಾವುದು ರಾಜ್ಯದ್ದು, ಯಾವುದು ಇಬ್ಬರದ್ದೂ (ಸಮವರ್ತಿ) ಎಂಬ ಮೂರು ಪಟ್ಟಿ ಅದರಲ್ಲಿದೆ.

ಮುಖ್ಯಮಂತ್ರಿಯಾದ ಹುಡುಗ ಮೊದಲು ಓಡಿದ. ಆದರೆ ಗೆರೆಯ ಆಚೆಗಿನ ಪೊಲೀಸ್ ಅವನ ಮಾತು ಕೇಳಬೇಕಾಗಿಲ್ಲ. ಪೊಲೀಸ್ ರಾಜ್ಯಪಟ್ಟಿಯ ವಿಷಯ. ವಿಧಾನಸಭೆಯ ಚೀಟಿ ಸಿಕ್ಕ ಹುಡುಗಿ "ನಾವು ಕಾನೂನು ಮಾಡ್ತೇವೆ" ಎಂದಳು. 245ನೇ ವಿಧಿ ಓದಿಸಿದೆ. ರಾಜ್ಯದ ಕಾನೂನು ಆ ರಾಜ್ಯಕ್ಕೇ ಅಂತ ಗೊತ್ತಾಗಿ ಅವಳೂ ಕುಳಿತಳು. ಆಮೇಲೆ ಹುಡುಕಾಟ ಶುರುವಾಯಿತು. ಆರೋಗ್ಯ ರಾಜ್ಯಪಟ್ಟಿಯ 6ನೇ ನಮೂದು. ಒಂದು ರಾಜ್ಯದಿಂದ ಇನ್ನೊಂದಕ್ಕೆ ರೋಗ ಹರಡದಂತೆ ತಡೆಯುವುದು ಸಮವರ್ತಿ ಪಟ್ಟಿಯ 29. ರಾಜ್ಯಗಳ ನಡುವಿನ ಕ್ವಾರಂಟೈನ್ ಕೇಂದ್ರಪಟ್ಟಿಯ 81. ಹೆದ್ದಾರಿಯೂ ಕೇಂದ್ರದ್ದೇ, ನಮೂದು 23. "ಟೀಚರ್, ಒಂದೇ ಬೆಂಚಿಗೆ ಇಷ್ಟು ಜನ ಯಜಮಾನರಾ?" ಎಂದ ಒಬ್ಬ. ನಾನು ಕಾಯುತ್ತಿದ್ದ ಪ್ರಶ್ನೆ ಅದೇ.

ನಿಜವಾಗಿ ನಡೆದದ್ದನ್ನು ಆಮೇಲೆ ಹೇಳಿದೆ. ಏಪ್ರಿಲ್ 1ರಂದು ಕೇರಳ ಹೈಕೋರ್ಟ್, ರಾಷ್ಟ್ರೀಯ ಹೆದ್ದಾರಿಯ ತಡೆ ತೆಗೆಸಿ ಎಂದು ಕೇಂದ್ರ ಸರಕಾರಕ್ಕೆ ಆದೇಶ ಕೊಟ್ಟಿತು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. 3ರಂದು ಸುಪ್ರೀಂ ಕೋರ್ಟ್, ಕೇಂದ್ರದ ಆರೋಗ್ಯ ಕಾರ್ಯದರ್ಶಿ ಮತ್ತು ಎರಡೂ ರಾಜ್ಯಗಳ ಮುಖ್ಯ ಕಾರ್ಯದರ್ಶಿಗಳು ಕುಳಿತು ಮಾತಾಡಿ, ರೋಗಿಗಳನ್ನು ಬಿಡುವ ಕ್ರಮ ಗೊತ್ತುಮಾಡಿ ಎಂದಿತು. 7ರಂದು, ಒಪ್ಪಂದವಾಗಿದೆ ಎಂದು ಕೋರ್ಟಿಗೆ ತಿಳಿಸಲಾಯಿತು. ಕೋರ್ಟಿಗೆ ಸ್ವಂತ ಪೊಲೀಸ್ ಇಲ್ಲ, ಬೆಂಚು ಎತ್ತುವ ಕೈ ಕಾರ್ಯಾಂಗದ್ದೇ. ಇದನ್ನು ನಾನು ಎಷ್ಟೋ ವರ್ಷ ಬಾಯಲ್ಲಿ ಹೇಳಿದ್ದೆ. ಆ ದಿನ ಸುಪ್ರೀಂ ಕೋರ್ಟ್ ಆಗಿದ್ದ ಹುಡುಗಿ ಕುರ್ಚಿ ಬಿಟ್ಟು ಏಳದೆ, ಮೂವರನ್ನು ಕರೆದು ಬೆಂಚಿನ ಪಕ್ಕ ನಿಲ್ಲಿಸಿದಾಗ ಎಲ್ಲರಿಗೂ ಅರ್ಥವಾಯಿತು.

ಮೊದಲ ವರ್ಷ ನಾನೊಂದು ತಪ್ಪು ಮಾಡಿದೆ. ಕರ್ನಾಟಕದ ಪರ ಮಾತಾಡಲು ಯಾರನ್ನೂ ನೇಮಿಸಿರಲಿಲ್ಲ. ಪಾಠ ಜಗಳವಾಯಿತು. ಈಗ ಒಳ್ಳೆಯ ಮಾತುಗಾರರನ್ನೇ ಆ ಕಡೆಗೆ ಹಾಕುತ್ತೇನೆ. 2020ರ ಮಾರ್ಚ್ ಕೊನೆಯಲ್ಲಿ ಕೇರಳದಲ್ಲೇ ಜಾಸ್ತಿ ಪ್ರಕರಣ ಇದ್ದದ್ದು ಕಾಸರಗೋಡಿನಲ್ಲಿ. ತನ್ನ ಜನರ ಆರೋಗ್ಯ ನೋಡಿಕೊಳ್ಳುವುದೂ ಒಂದು ಸರಕಾರದ ಕೆಲಸ, ಅಲ್ವಾ? ಆ ವಾದ ಗಟ್ಟಿಯಾಗಿ ಬಂದರೆ ಮಾತ್ರ ಕೋರ್ಟ್ ಆಗಿ ಕುಳಿತ ಮಗುವಿಗೆ ತೂಗಿ ನೋಡುವ ಕಷ್ಟ ಗೊತ್ತಾಗುತ್ತದೆ.

ಎರಡನೇ ದಿನ ಭಾಷೆಯ ವಿಷಯ. 2017ರಲ್ಲಿ ಕೇರಳ ಶಾಲೆಗಳಲ್ಲಿ ಮಲಯಾಳ ಕಡ್ಡಾಯವಾದದ್ದು ಮೊದಲು ಸುಗ್ರೀವಾಜ್ಞೆಯ ಮೂಲಕ. ಅದೇ ವರ್ಷ ವಿಧಾನಸಭೆ ಕಾಯ್ದೆ ಮಾಡಿತು. ವಿಧಾನಸಭೆ ಸೇರದಿದ್ದಾಗ ಹೀಗೆ ಸುಗ್ರೀವಾಜ್ಞೆಯಿಂದ ಕಾರ್ಯಾಂಗವೂ ಕಾನೂನು ಮಾಡಬಹುದು, ಆದರೆ ವಿಧಾನಸಭೆ ಮತ್ತೆ ಸೇರಿದ 6 ವಾರದೊಳಗೆ ಅದು ಕಾಯ್ದೆಯಾಗದಿದ್ದರೆ ಬಿದ್ದುಹೋಗುತ್ತದೆ. ಇನ್ನೊಂದು ಕಡೆ, 2015ರಲ್ಲಿ ವಿಧಾನಸಭೆ ಪಾಸ್ ಮಾಡಿದ ಮಲಯಾಳ ಭಾಷಾ ಮಸೂದೆ ರಾಷ್ಟ್ರಪತಿಯ ಒಪ್ಪಿಗೆಗೆ ಹೋಗಿ ವರ್ಷಗಟ್ಟಲೆ ಕಾಯಿತು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿಸುತ್ತೇನೆ. ನಮ್ಮ ಮಕ್ಕಳ ಭಾಷೆಯ ವಿಷಯ ಆದ್ದರಿಂದ ಯಾರೂ ಆಕಳಿಸುವುದಿಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಕಲಿಕೆ ಬೇಕೆನ್ನುವ 350ಎ ವಿಧಿಯನ್ನು ಅವರೇ ಗಟ್ಟಿಯಾಗಿ ಓದುತ್ತಾರೆ.

ಪ್ರತಿ ವರ್ಷ ಯಾರಾದರೊಬ್ಬರು ರಾಜ್ಯಗಳ ಗಡಿ ವಿವಾದ ನೋಡಿದ ಮಹಾಜನ್ ಆಯೋಗದ ವರದಿಯ ಬಗ್ಗೆ ಕೇಳಿಯೇ ಕೇಳುತ್ತಾರೆ. ಮನೆಯಲ್ಲಿ ಅಜ್ಜ ಹೇಳಿರುತ್ತಾರೆ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಎಂದು 1967ರ ಆ ವರದಿ ಹೇಳಿದ್ದು ನಿಜ. ಆದರೆ ಆಯೋಗದ್ದು ಸಲಹೆ. 3ನೇ ವಿಧಿಯ ಪ್ರಕಾರ ಗಡಿ ಬದಲಿಸುವುದು ಸಂಸತ್ತು ಮಾತ್ರ. ರಾಜ್ಯದ ಶಾಸಕಾಂಗಕ್ಕೆ ಅಭಿಪ್ರಾಯ ಹೇಳುವ ಅವಕಾಶ ಇದೆ, ತಡೆಯುವ ಅಧಿಕಾರ ಇಲ್ಲ.

ಕಳೆದ ಸಲ ಆಟ ಮುಗಿದು ಬೆಂಚು ಒಳಗಿಡುವಾಗ ಆಂಬುಲೆನ್ಸ್ ಚಾಲಕನಾಗಿದ್ದ ಹುಡುಗ ಹತ್ತಿರ ಬಂದ. "ಟೀಚರ್, ಏಪ್ರಿಲ್ 1ರಿಂದ 7ರವರೆಗೆ ನನ್ನ ಗಾಡಿಯಲ್ಲಿರುವ ರೋಗಿ ಏನು ಮಾಡಬೇಕು?" ನನಗೆ ಗಂಟಲು ಕಟ್ಟಿತು. ಮರುದಿನದ ಪಾಠವನ್ನು ಬದಿಗಿಟ್ಟೆ. ಕೊನೆಯ ತೀರ್ಪಿಗೆ ಮೊದಲೇ ಕೋರ್ಟು ಕೊಡುವ ಮಧ್ಯಂತರ ಆದೇಶ ಎಂದರೇನು ಎಂಬುದರಿಂದ ಶುರುಮಾಡಿದೆವು. ಅವನ ಪ್ರಶ್ನೆಯನ್ನು ಬೋರ್ಡಿನ ಮೇಲ್ತುದಿಯಲ್ಲಿ ಬರೆದಿಟ್ಟು, ಇಡೀ ವಾರ ಅಳಿಸಲಿಲ್ಲ.