ಬೆಕ್ಕಿಗೆ ಆಕ್ಸಿಜನ್ ಡಬ್ಬ: ನನ್ನ ಅನುಭವ

ಉಸಿರಾಟಕ್ಕೆ ಕಷ್ಟಪಡುವ ಬೆಕ್ಕನ್ನು ಒಳಗೆ ಕೂರಿಸಿ ಆಕ್ಸಿಜನ್ ಬಿಡಲು ಒಂದು ಪ್ಲಾಸ್ಟಿಕ್ ಡಬ್ಬ ಮಾಡಿಟ್ಟಿದ್ದೇನೆ. "ಬೆಕ್ಕಿಗೂ ಆಕ್ಸಿಜನ್ನಾ?" ಅಂತ ನಕ್ಕವರೇ ಈಗ ಫೋನ್ ಮಾಡಿ ಡಬ್ಬದ ಅಳತೆ ಕೇಳುತ್ತಿದ್ದಾರೆ. ಹೇಳಿ ಹೇಳಿ ಸಾಕಾಯಿತು, ಅದಕ್ಕೇ ಬರೆದಿಡುತ್ತಿದ್ದೇನೆ.

ನಾವಿರುವುದು ತೀರ್ಥಹಳ್ಳಿ ಕಡೆ. ಅಪರಾತ್ರಿಯಲ್ಲಿ ಬೆಕ್ಕು ನೋಡುವ ಡಾಕ್ಟರು ಬೇಕೆಂದರೆ ಶಿವಮೊಗ್ಗಕ್ಕೇ ಹೋಗಬೇಕು, ಹತ್ತಿರ ಹತ್ತಿರ 60 ಕಿ.ಮೀ. ಮಳೆಗಾಲದಲ್ಲಿ ಮಂಡಗದ್ದೆ ಹತ್ತಿರ ರಸ್ತೆಗೆ ಮರ ಬಿತ್ತೋ, ಬೆಳಗಾಗುವವರೆಗೆ ಕಾಯುವುದೇ. ಡಬ್ಬ ಇರುವುದು ಆ ಹೊತ್ತನ್ನು ದಾಟಿಸಲು ಮಾತ್ರ, ರೋಗ ವಾಸಿ ಮಾಡಲು ಅಲ್ಲ.

ಕೋವಿಡ್ ಮುಗಿದ ಮೇಲೆ ಎಷ್ಟೋ ಮನೆಗಳಲ್ಲಿ ಕಾನ್ಸಂಟ್ರೇಟರ್ (ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಮಿಷನ್) ಸುಮ್ನೆ ಧೂಳು ತಿನ್ನುತ್ತಿತ್ತು. ನಿಮಿಷಕ್ಕೆ 5 ಲೀಟರ್ ಕೊಡುವಂಥದ್ದು ಒಂದು 18 ಸಾವಿರಕ್ಕೋ ಏನೋ ಸಿಕ್ಕಿತು. ಬಟ್ಟೆ ತುಂಬಿಡುವ ಪ್ಲಾಸ್ಟಿಕ್ ಡಬ್ಬ 700 ರೂಪಾಯಿ. ಮೊದಲ ಸಲ ಮುಚ್ಚಳ ಬಿಗಿಯಾಗಿ ಹಾಕಿ ಪೈಪ್ ತೂರಿಸಿದೆ. ಸ್ವಲ್ಪ ಹೊತ್ತಿಗೇ ಒಳಗೆಲ್ಲ ಹಬೆ ಕಟ್ಟಿತು, ಪರೀಕ್ಷೆಗೆ ಕೂರಿಸಿದ್ದ ಆರೋಗ್ಯವಂತ ಬೆಕ್ಕೇ ಬಾಯಿ ತೆರೆಯಿತು. ಆಮೇಲೆ ಪೈಪಿನ ಎದುರು ಬದಿಯಲ್ಲಿ, ಮೇಲ್ಗಡೆ, ಕಿರುಬೆರಳು ಹೋಗುವಷ್ಟು ದೊಡ್ಡ ತೂತುಗಳನ್ನು ಕೊರೆದೆ. ಬಿಸಿಗಾಳಿ, ಬಿಟ್ಟ ಉಸಿರು ಎರಡೂ ಹೊರಗೆ ಹೋಗಬೇಕಲ್ವಾ. ಒಳಗೊಂದು ಅಗ್ಗದ ಥರ್ಮಾಮೀಟರ್. ಸೆಖೆಯಾದರೆ ಐಸ್ ಬಾಟಲಿಗೆ ಟವೆಲ್ ಸುತ್ತಿ ಮೂಲೆಗೆ.

ದುಡ್ಡು ದಂಡವಾದದ್ದೂ ಇದೆ. ಮನುಷ್ಯರ ಆಕ್ಸಿಮೀಟರನ್ನು ಕಿವಿಗೆ ಸಿಕ್ಕಿಸಿದರೆ ಒಮ್ಮೆ 70, ಒಮ್ಮೆ 98. ಸ್ಪ್ರೇ ಥರ ಬರುವ ಸಣ್ಣ ಆಕ್ಸಿಜನ್ ಕ್ಯಾನು ಕೆಲವೇ ನಿಮಿಷಕ್ಕೆ ಖಾಲಿ, ಅದರ ಬುಸ್ ಅನ್ನೋ ಸದ್ದಿಗೆ ಬೆಕ್ಕು ಮಂಚದಡಿ. ಮುಖಕ್ಕೆ ಮಾಸ್ಕ್ ಹಿಡಿದರೆ ಒದ್ದಾಟ, ಒದ್ದಾಡಿದಷ್ಟೂ ಉಸಿರು ಜಾಸ್ತಿ ಬೇಕು.

ಹೋದ ಮಳೆಗಾಲ ನಮ್ಮ ಬೆಕ್ಕು ಕೆಂಚನಿಗೆ ಉಸಿರಿನ ತೊಂದರೆ ಬಂತು ನೋಡಿ. ಮೊಣಕೈ ಹೊರಗೆ ಚಾಚಿ, ಕತ್ತು ಮುಂದೆ ನೀಡಿ ಕೂತಿದ್ದ. ಮಲಗಲೊಲ್ಲ. ಮೂಗಲ್ಲಿ ಸದ್ದೇ ಇಲ್ಲ, ಹೊಟ್ಟೆ ಮಾತ್ರ ತಿದಿಯ ಹಾಗೆ ಒತ್ತುತ್ತಿತ್ತು. ಸುಮ್ನೆ ಕೂತ ಬೆಕ್ಕಿಗೆ ಉಸಿರು ನಿಮಿಷಕ್ಕೆ 30 ದಾಟಬಾರದು, ಅವನದು 60ರ ಮೇಲಿತ್ತು. ವಿಕ್ಸ್ ಹಚ್ಚು ಅಂದರು, ಹಬೆ ಕೊಡು ಅಂದರು, ಒಬ್ಬರಂತೂ ಕಾಲು ಡೋಲೋ ಮಾತ್ರೆ ಕೊಡು ಅಂದರು! ಡೋಲೋ ಅಂದರೆ ಪ್ಯಾರಾಸಿಟಮಾಲ್, ಅದು ಬೆಕ್ಕಿಗೆ ವಿಷ, ರಕ್ತ ಆಕ್ಸಿಜನ್ ಹೊರುವುದನ್ನೇ ಕೆಡಿಸುತ್ತದೆ. ಹಬೆ ಮೂಗು ಕಟ್ಟಿದ ನೆಗಡಿಗೆ ಸರಿ, ಎದೆಯೊಳಗೆ ನೀರು ತುಂಬಿದ್ದರೆ ಅದರಿಂದೇನು ಆದೀತು?

ಡಾಕ್ಟರಿಗೆ ಫೋನ್ ಮಾಡಿ ಡಬ್ಬಕ್ಕೆ ಬಿಟ್ಟೆ. ಎತ್ತಿ ತುರುಕಲಿಲ್ಲ, ತಾನೇ ಹೋಗಿ ಕೂತ. ಚೆನ್ನಾಗಿದ್ದ ದಿನಗಳಲ್ಲಿ ಅದನ್ನು ಹೇಗೆ ಕಲಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ, ಒಣಮೀನಿನ ಪಾತ್ರ ಇದೆ ಅಂತ ಮಾತ್ರ ಹೇಳುತ್ತೇನೆ. ನೀರು, ಅನ್ನ ಏನೂ ನಾನು ಅವನ ಬಾಯಿಗೆ ಹಾಕಲಿಲ್ಲ. ಲೈಟ್ ಆರಿಸಿ, ಮುಚ್ಚಳ ತೆಗೆಯದೆ, ಹೊರಗಿಂದ ಮೊಬೈಲಲ್ಲಿ ವಿಡಿಯೋ ಹಿಡಿದು ಎದೆ ಏಳುವುದನ್ನು ಎಣಿಸಿದೆ, 15 ಸೆಕೆಂಡಿನದ್ದನ್ನು ನಾಲ್ಕರಿಂದ ಗುಣಿಸಿ. ಮುಚ್ಚಳ ತೆಗೆದರೆ ಕೂಡಿಸಿದ ಆಕ್ಸಿಜನ್ ಎಲ್ಲ ಹೋಯಿತು. ಆಕ್ಸಿಜನ್ ಹತ್ತಿರ ಬೆಂಕಿ ಬೇಡ ಅಂತ ಆ ಕೋಣೆಯಲ್ಲಿ ದೇವರ ದೀಪ, ಊದುಬತ್ತಿ ಬಂದ್. ಅಮ್ಮನ ಸಿಟ್ಟು ಇನ್ನೂ ಇಳಿದಿಲ್ಲ.

ನಡುವೆ ಕರೆಂಟೂ ಹೋಯಿತು. ಮಿಷನ್ 350 ವ್ಯಾಟ್ ಎಳೆಯುತ್ತದೆ. ಫ್ರಿಜ್ಜು, ಫ್ಯಾನು ಎಲ್ಲ ಆಫ್ ಮಾಡಿದರೆ 150 ಆಂಪಿಯರ್-ಅವರ್ ಬ್ಯಾಟರಿಯ ಇನ್ವರ್ಟರ್ ಮೂರು ಗಂಟೆ ತಡೆಯಿತು, ಅಷ್ಟರಲ್ಲಿ ಕರೆಂಟು ಬಂತು. ಬೆಳಗ್ಗೆ ಉಸಿರು 45ರ ಆಸುಪಾಸು. ಶಿವಮೊಗ್ಗದಲ್ಲಿ ಎದೆಗೆ ಸೂಜಿ ಹಾಕಿ ನೂರೈವತ್ತು ಎಂಎಲ್‌ನಷ್ಟು ಕೀವುನೀರು ತೆಗೆದರು. ಡಾಕ್ಟರು ಡಬ್ಬದ ಫೋಟೋ ತೆಗೆದುಕೊಂಡರು ಅನ್ನೋದನ್ನ ನಾನು ಎಲ್ಲರಿಗೂ ಹೇಳುತ್ತಲೇ ಇರುತ್ತೇನೆ.

ಆಸುಪಾಸಿನವರಿಗೆ ಬೇಕಾದರೆ ಡಬ್ಬ, ಮಿಷನ್ ಎರಡೂ ಕೊಡುತ್ತೇನೆ, ಬಾಡಿಗೆ ಬೇಡ. ವಾಪಸ್ ಕೊಡುವಾಗ ಡಬ್ಬವನ್ನು ಬ್ಲೀಚಿಂಗ್ ನೀರಲ್ಲಿ ತೊಳೆದು ಒಣಗಿಸಿ ಕೊಡಿ. ಇಲ್ಲದಿದ್ದರೆ ಬೆಕ್ಕಿನ ನೆಗಡಿ ಹಾಗೇ ಮುಂದಿನ ಬೆಕ್ಕಿಗೆ ದಾಟುತ್ತದೆ.