ಶಿವರಾತ್ರಿಯಿಂದ ಭರಣಿ ಮಳೆಯವರೆಗೆ: ಹಿತ್ತಲಿನ ತೋಟದ ಕೆಲಸ

ಪಂಚಾಂಗದ ಪ್ರಕಾರ ವಸಂತ ಋತುವೆಂದರೆ ಚೈತ್ರ, ವೈಶಾಖ. ಆದರೆ ಮೈಸೂರು, ಮಂಡ್ಯ, ತುಮಕೂರು, ಬೆಂಗಳೂರು ಸುತ್ತಿನ ಬಯಲುಸೀಮೆಯಲ್ಲಿ ಹಿತ್ತಲಿನ ತರಕಾರಿಗೆ ಬೀಜದ ಪೊಟ್ಟಣ ಬಿಚ್ಚಲು ಯುಗಾದಿಯವರೆಗೆ ಕಾದರೆ ಒಳ್ಳೆಯ ಮೂರು ವಾರಗಳನ್ನು ಕಳೆದುಕೊಂಡಂತೆಯೇ. ಶಿವರಾತ್ರಿಗೆ ಚಳಿ ‘ಶಿವ ಶಿವ’ ಎಂದು ಹೊರಟುಹೋಗುತ್ತದೆ ಎಂಬ ಮಾತನ್ನೇ ಬಿತ್ತನೆಯ ದಿನಸೂಚಿಯಾಗಿ ಹಿಡಿಯುವುದು ಮೇಲು. ಬೆಂಡೆ, ಸೋರೆ, ಹಾಗಲದಂಥ ಬೀಜಗಳು ಮಣ್ಣು ಬೆಚ್ಚಗಾಗದೆ ಸರಿಯಾಗಿ ಮೊಳೆಯುವುದಿಲ್ಲವಾದ್ದರಿಂದ ಅದಕ್ಕೂ ಬಹಳ ಮೊದಲು ಬಿತ್ತಿ ಪ್ರಯೋಜನವಿಲ್ಲ. ಏಪ್ರಿಲ್ ಬಿಸಿಲು ಏರುವಷ್ಟರಲ್ಲಿ ಬೇರು ಆಳಕ್ಕೆ ಇಳಿದಿರಬೇಕಾದ್ದರಿಂದ ತಡಮಾಡುವಂತೆಯೂ ಇಲ್ಲ. ಫೆಬ್ರವರಿ ಕೊನೆಯ ವಾರದಿಂದ ಮಾರ್ಚ್ ಮಧ್ಯದವರೆಗೆ ಬಿತ್ತಿದ ಗಿಡ ಬಿಸಿಲನ್ನು ತಾನೇ ತಡೆದುಕೊಳ್ಳುತ್ತದೆ, ಏಪ್ರಿಲ್‌ನಲ್ಲಿ ಬಿತ್ತಿದ್ದನ್ನು ನಾವು ತಡೆದು ಉಳಿಸಬೇಕಾಗುತ್ತದೆ. ಹಣ್ಣಿನ ಗಿಡಗಳ ಲೆಕ್ಕ ಬೇರೆ. ಅದು ಮುಂದೆ ಬರುತ್ತದೆ.

ಏನನ್ನು ಹಾಕಬಾರದು ಎಂಬುದನ್ನು ಮೊದಲು ತೀರ್ಮಾನಿಸಿಕೊಂಡರೆ ಜಾಗವೂ ನೀರೂ ಉಳಿಯುತ್ತವೆ. ಎಲೆಕೋಸು, ಹೂಕೋಸು, ಕ್ಯಾರೆಟ್, ಬಟಾಣಿಗಳ ಕಾಲ ಮುಗಿಯಿತು. ಟೊಮೆಟೊ ಹಾಕಬಾರದೆಂದೇನಿಲ್ಲ, ಆದರೆ ಹಗಲಿನ ಉಷ್ಣತೆ 35 ಡಿಗ್ರಿ ದಾಟಿ ರಾತ್ರಿಯೂ ಸೆಕೆ ಇಳಿಯದ ದಿನಗಳಲ್ಲಿ ಅದರ ಹೂ ಕಾಯಿ ಕಚ್ಚದೆ ಉದುರುತ್ತದೆ. ಜನವರಿಯಲ್ಲೇ ಒಟ್ಟಲು ಬಿಟ್ಟು ಸಸಿ ಮಾಡಿಕೊಂಡಿದ್ದವರು ಮಾತ್ರ ನಾಲ್ಕಾರು ಗಿಡ ನೆಟ್ಟುಕೊಳ್ಳಲಿ. ಈ ಕಾಲಕ್ಕೆ ಹೇಳಿಮಾಡಿಸಿದಂಥವು ಬೆಂಡೆ, ಅಲಸಂದೆ, ದಂಟು, ಸೌತೆ, ಹೀರೆ, ಸೋರೆ, ಹಾಗಲ ಮತ್ತು ಸಿಹಿಗುಂಬಳ. ನಾಲ್ಕು ಜನರ ಮನೆಗೆ ಹನ್ನೆರಡು ಬೆಂಡೆ ಗಿಡ, ಎರಡು ಹೀರೆ, ಎರಡು ಹಾಗಲ, ಒಂದೇ ಒಂದು ಸೋರೆ ಬಳ್ಳಿ ಸಾಕು. ಸೋರೆ ಎರಡು ಬಳ್ಳಿ ಹಾಕಿದವರು ಕೊನೆಗೆ ಬೀದಿಯವರಿಗೆಲ್ಲ ಹಂಚಿ, ಅವರೂ ಬೇಡವೆನ್ನುವ ಸ್ಥಿತಿಗೆ ಬರುವುದನ್ನು ನಾನು ಕಂಡಿದ್ದೇನೆ.

ಮಡಿ ಮಾಡುವುದು

ಮಳೆಗಾಲಕ್ಕೆ ಏರುಮಡಿ, ಬೇಸಿಗೆಗೆ ತಗ್ಗುಮಡಿ. ಚಿತ್ರಗಳಲ್ಲಿ ಕಾಣುವ ಎತ್ತರದ ಮಡಿಗಳು ಅಂದವಾಗಿರುತ್ತವೆ ನಿಜ, ಆದರೆ ಮಾರ್ಚ್ ತಿಂಗಳ ಒಣಗಾಳಿಗೆ ಅವುಗಳ ಅಂಚುಗಳು ಎರಡೇ ದಿನದಲ್ಲಿ ಒಣಗಿ ಬಿರಿಯುತ್ತವೆ. ನೆಲಮಟ್ಟಕ್ಕಿಂತ ಒಂದು ಗೇಣು ತಗ್ಗಿಸಿ ಸುತ್ತ ಸಣ್ಣ ಬದು ಕಟ್ಟಿದರೆ ಹಾಕಿದ ನೀರು ಅಲ್ಲೇ ಇಂಗುತ್ತದೆ. ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲದ ಮಡಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹದಿನೈದು ಕೆಜಿ, ಬೇವಿನ ಹಿಂಡಿ ಅರ್ಧ ಕೆಜಿ ಬೆರೆಸಬೇಕು. ಗೊಬ್ಬರ ಕಳಿತಿದೆಯೇ ಎಂದು ತಿಳಿಯಲು ಒಂದು ಹಿಡಿ ತೆಗೆದು ಮೂಸಿ ನೋಡಿ: ಸಗಣಿಯ ವಾಸನೆಯಿದ್ದರೆ ಇನ್ನೂ ಆಗಿಲ್ಲ, ಮೊದಲ ಮಳೆ ಬಿದ್ದ ನೆಲದ ವಾಸನೆ ಬಂದರೆ ಆಗಿದೆ. ಹಸಿ ಗೊಬ್ಬರ ಹಾಕಿದರೆ ಅದರ ಕಾವಿಗೆ ಬೇರು ಸುಡುವುದಲ್ಲದೆ ಗೆದ್ದಲೂ ಬರುತ್ತದೆ. ಗೊಬ್ಬರ ಬೆರೆಸಿದ ಮಡಿಗೆ ನೀರು ಕಟ್ಟಿ, ಎರಡು ಮೂರು ದಿನ ಬಿಟ್ಟು, ಮಣ್ಣನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ ಬೆರಳಿನಿಂದ ಒತ್ತಿದರೆ ಪುಡಿಯಾಗುವ ಹದ ಬಂದಾಗ ಬಿತ್ತಬೇಕು.

ಬೆಂಡೆ

ಬೆಂಡೆಯ ಬೀಜವನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ನೆರಳಲ್ಲಿ ಆರಿಸಿ, ಸಾಲಿನಿಂದ ಸಾಲಿಗೆ ಒಂದೂವರೆ ಅಡಿ, ಗಿಡದಿಂದ ಗಿಡಕ್ಕೆ ಒಂದಡಿ ಬಿಟ್ಟು, ಒಂದೊಂದು ಗುಣಿಗೆ ಎರಡೆರಡರಂತೆ ಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ ಊರಬೇಕು. ಎರಡೂ ಹುಟ್ಟಿದರೆ ಸೊರಗಿದ್ದನ್ನು ಕತ್ತರಿಸಿ ತೆಗೆಯಬೇಕೇ ಹೊರತು ಕೀಳಬಾರದು. ಕಿತ್ತರೆ ಉಳಿಸಬೇಕಾದದ್ದರ ಬೇರೂ ಅಲುಗುತ್ತದೆ. ಬೇಸಿಗೆಯಲ್ಲಿ ಬಿಳಿನೊಣಗಳು ಹೆಚ್ಚು, ಅವು ಹರಡುವ ಹಳದಿ ನಂಜುರೋಗವೂ ಹೆಚ್ಚು. ಎಲೆಯ ನರಗಳೆಲ್ಲ ಹಳದಿ ಬಲೆಯಂತೆ ಕಾಣತೊಡಗಿದ ಗಿಡಕ್ಕೆ ಯಾವ ಔಷಧವೂ ಇಲ್ಲ. ಅದನ್ನು ಆ ದಿನವೇ ಕಿತ್ತು ಸುಡುವುದೇ ಉಳಿದ ಗಿಡಗಳಿಗೆ ಮಾಡುವ ಉಪಕಾರ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಅರ್ಕಾ ಅನಾಮಿಕಾ ತಳಿಗೆ ಈ ರೋಗವನ್ನು ತಕ್ಕಮಟ್ಟಿಗೆ ತಡೆದುಕೊಳ್ಳುವ ಗುಣವಿದೆ. ಇದು ಹೈಬ್ರಿಡ್ ಅಲ್ಲವಾದ್ದರಿಂದ ಬಲಿತ ಕಾಯಿಯ ಬೀಜವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬಹುದು. ಸುಮಾರು 45ರಿಂದ 50 ದಿನಗಳಿಗೆ ಕುಯ್ಲು ಶುರುವಾಗುತ್ತದೆ. ಅಲ್ಲಿಂದ ಮುಂದೆ ದಿನ ಬಿಟ್ಟು ದಿನ ಕುಯ್ಯಲೇಬೇಕು. ಊರಿಗೆ ಹೋಗಿ ನಾಲ್ಕು ದಿನ ಬಿಟ್ಟು ಬಂದರೆ ಕಾಯಿ ನಾರಾಗಿರುವುದು ಮಾತ್ರವಲ್ಲ, ಗಿಡವೂ ಬೀಜ ಕಟ್ಟಿದೆನೆಂದು ಹೊಸ ಹೂ ಬಿಡುವುದನ್ನು ಕಡಿಮೆ ಮಾಡಿರುತ್ತದೆ.

ದಂಟು, ಅಲಸಂದೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಂಟಿನ ಬೀಜ ತೀರ ಸಣ್ಣದಾದ್ದರಿಂದ ಮರಳಿನೊಂದಿಗೆ ಬೆರೆಸಿ ಎರಚಿ, ಹದಿನೈದು ದಿನಕ್ಕೊಮ್ಮೆ ಹೊಸದಾಗಿ ಒಂದು ತುಂಡು ಜಾಗದಲ್ಲಿ ಬಿತ್ತುತ್ತಿದ್ದರೆ ಮಳೆಗಾಲದವರೆಗೂ ಸೊಪ್ಪಿಗೆ ಕೊರತೆಯಿಲ್ಲ. ಅಲಸಂದೆಗೆ ಸಸ್ಯಹೇನು ಕಂಡ ತುದಿಯನ್ನು ಚಿವುಟಿ ಬಿಸಾಡಿದರೆ ಸಾಕು.

ಬಳ್ಳಿ ತರಕಾರಿಗಳು

ಹೆಚ್ಚಿನ ಮನೆಗಳಲ್ಲಿ ಕೇಳಿಬರುವ ದೂರು ಒಂದೇ: ಬಳ್ಳಿ ಚಪ್ಪರದ ತುಂಬ ಹಬ್ಬಿದೆ, ಹೂವೂ ಇದೆ, ಕಾಯಿ ಮಾತ್ರ ಇಲ್ಲ. ಇದಕ್ಕೆ ಗೊಬ್ಬರ ಕಾರಣವೆಂದು ಭಾವಿಸಿ ಇನ್ನಷ್ಟು ಸುರಿಯುವವರಿದ್ದಾರೆ. ಆಗ ಎಲೆ ಇನ್ನಷ್ಟು ಹೆಚ್ಚುತ್ತದೆ. ನಿಜವಾದ ಕಾರಣವನ್ನು ಹೂವಿನಲ್ಲೇ ನೋಡಬೇಕು. ಈ ಬಳ್ಳಿಗಳಲ್ಲಿ ಗಂಡುಹೂ, ಹೆಣ್ಣುಹೂ ಬೇರೆ ಬೇರೆ. ಮೊದಲ ಒಂದೆರಡು ವಾರ ಗಂಡುಹೂಗಳೇ ಬಂದು ಉದುರುವುದು ಸಹಜ. ಸೆಕೆ ಹೆಚ್ಚಾದಂತೆ ಗಂಡುಹೂಗಳ ಪಾಲೂ ಹೆಚ್ಚುತ್ತದೆ. ಹೆಣ್ಣುಹೂವಿನ ಬುಡದಲ್ಲಿ ಬೆರಳ ತುದಿಯಷ್ಟು ಪುಟ್ಟ ಕಾಯಿ ಇರುತ್ತದೆ, ಗಂಡುಹೂವಿಗೆ ಬರಿಯ ತೊಟ್ಟು. ಆ ಪುಟ್ಟ ಕಾಯಿ ಹಳದಿಯಾಗಿ ಸುರುಟಿ ಬಿದ್ದರೆ ಪರಾಗ ತಾಗಿಲ್ಲವೆಂದು ತಿಳಿಯಬೇಕು.

ಪರಾಗ ತಾಗಿಸುವ ಕೆಲಸವನ್ನು ನಾವೇ ಮಾಡಬಹುದು, ಆದರೆ ಹೊತ್ತು ತಪ್ಪಬಾರದು. ಸಿಹಿಗುಂಬಳ, ಸೌತೆ, ಹಾಗಲದ ಹೂ ಬೆಳಗ್ಗೆ ಅರಳುತ್ತವೆ. ಸೋರೆಯ ಬಿಳಿ ಹೂವೂ ಹೀರೆಯ ಹಳದಿ ಹೂವೂ ಸಂಜೆ ಅರಳುತ್ತವೆ. ನಾನು ಎರಡು ವರ್ಷ ಸೋರೆಯ ಬಳ್ಳಿಯ ಮುಂದೆ ಬೆಳಗ್ಗೆ ಎಂಟು ಗಂಟೆಗೆ ನಿಂತು, ಬಾಡಿದ ಹೂಗಳನ್ನು ಒಂದಕ್ಕೊಂದು ಉಜ್ಜಿ ನಿರಾಶನಾದೆ. ಮೂರನೆಯ ವರ್ಷ ದೀಪ ಹಚ್ಚುವ ಹೊತ್ತಿಗೆ ಟಾರ್ಚ್ ಹಿಡಿದು ಹಿತ್ತಲಿಗೆ ಹೋದಾಗ ಚಪ್ಪರದ ಮೇಲೆ ಬಿಳಿಯ ಹೂಗಳು ಹಪ್ಪಳ ಹರವಿದಂತೆ ಅರಳಿದ್ದವು, ಪತಂಗವೊಂದು ಅವುಗಳ ನಡುವೆ ಓಡಾಡುತ್ತಿತ್ತು. ಅಂದಿನಿಂದ ಕ್ರಮ ಹೀಗೆ: ಹೊಸದಾಗಿ ಅರಳಿದ ಗಂಡುಹೂವನ್ನು ತೊಟ್ಟಿನ ಸಮೇತ ಕಿತ್ತು, ಎಸಳುಗಳನ್ನು ಹರಿದುಹಾಕಿ, ನಡುವಿನ ಪುಡಿ ತುಂಬಿದ ಭಾಗವನ್ನು ಹೆಣ್ಣುಹೂವಿನ ಒಳಗಿನ ಗುಬಟಿಗೆ ಮೆಲ್ಲಗೆ ಎಲ್ಲ ಕಡೆ ತಾಗಿಸಬೇಕು. ಒಂದು ಗಂಡುಹೂ ಎರಡು ಮೂರು ಹೆಣ್ಣುಹೂಗಳಿಗೆ ಸಾಕು. ಮೂರು ನಾಲ್ಕು ದಿನಗಳಲ್ಲಿ ಕಾಯಿ ಹಸಿರಾಗಿ ದಪ್ಪಗಾಗತೊಡಗಿದರೆ ಕಚ್ಚಿತೆಂದು ಅರ್ಥ.

ಸೋರೆಯಲ್ಲಿ ಹೆಣ್ಣುಹೂಗಳು ಮುಖ್ಯ ಬಳ್ಳಿಗಿಂತ ಕವಲುಗಳಲ್ಲಿ ಹೆಚ್ಚು. ಹಾಗಾಗಿ ಬಳ್ಳಿ ಚಪ್ಪರ ಮುಟ್ಟಿದಾಗ ಕುಡಿ ಚಿವುಟಿದರೆ ಕವಲೊಡೆದು ಬೇಗ ಕಾಯಿ ಹಿಡಿಯುತ್ತದೆ. ಇನ್ನು ಎಳೆಯ ಕಾಯಿಯನ್ನು ಚುಚ್ಚಿ ಒಳಗೆ ಮೊಟ್ಟೆಯಿಡುವ ಹಣ್ಣುನೊಣದ ಕಾಟಕ್ಕೆ ಕೈತೋಟದಲ್ಲಿ ನನಗೆ ಒಗ್ಗಿದ ಉಪಾಯ ಕಾಯಿಗೆ ಚೀಲ ಕಟ್ಟುವುದು. ಕಾಯಿ ಕಚ್ಚಿದ ಕೂಡಲೇ ಹಳೆಯ ಪಂಚೆಯ ತುಂಡು ಅಥವಾ ಪತ್ರಿಕೆಯ ಹಾಳೆಯನ್ನು ಸಡಿಲವಾಗಿ ಸುತ್ತಿ ದಾರ ಕಟ್ಟಿದರೆ ನೊಣ ಹತ್ತಿರ ಬಂದರೂ ಚುಚ್ಚಲಾರದು. ಸೊಟ್ಟಗಾದ, ಕೊಳೆತ ಕಾಯಿಗಳನ್ನು ಬುಡದಲ್ಲೇ ಬಿಡದೆ ಆಳವಾಗಿ ಹೂಳಬೇಕು, ಏಕೆಂದರೆ ಅದರೊಳಗಿನ ಹುಳು ಮಣ್ಣಿಗಿಳಿದು ಕೋಶವಾಗಿ ಮತ್ತೆ ನೊಣವಾಗಿ ಏಳುತ್ತದೆ. ಬಳ್ಳಿ ಎರಡೆಲೆಯಲ್ಲಿದ್ದಾಗ ಬರುವ ಕೆಂಪು ದುಂಬಿಗೆ ಇಬ್ಬನಿ ಆರುವ ಮುನ್ನ ಒಲೆಬೂದಿ ಉದುರಿಸಿ, ಸಿಕ್ಕಿದ್ದನ್ನು ಕೈಯಿಂದ ಹಿಡಿದು ಸಾಬೂನು ನೀರಿಗೆ ಹಾಕಿದರೆ ಸಾಕಾಗುತ್ತದೆ. ಎಲೆಯ ಮೇಲೆ ಬೂದಿರೋಗ ಕಂಡರೆ ಗಂಧಕ ಸಿಂಪಡಿಸಲು ಹೇಳುವವರುಂಟು. ಬಿರುಬೇಸಿಗೆಯಲ್ಲಿ ಅದು ಸೌತೆ, ಕುಂಬಳ ಜಾತಿಯ ಎಲೆಗಳನ್ನೇ ಸುಡುವುದರಿಂದ ನಾನು ಆ ಗೊಡವೆಗೆ ಹೋಗುವುದಿಲ್ಲ, ರೋಗ ತಗುಲಿದ ಕೆಳಗಿನ ಎಲೆಗಳನ್ನು ಕಿತ್ತುಹಾಕುತ್ತೇನೆ.

ನೀರು ಮತ್ತು ಹೊದಿಕೆ

ದಿನವೂ ಮೇಲೆ ಮೇಲೆ ಚಿಮುಕಿಸುವುದಕ್ಕಿಂತ ಎರಡು ಮೂರು ದಿನಕ್ಕೊಮ್ಮೆ ಬೆಳಗಿನ ಹೊತ್ತು ಆಳಕ್ಕೆ ಇಳಿಯುವಂತೆ ಕೊಡುವುದು ಮೇಲು. ಮೇಲಿನ ಎರಡಂಗುಲ ಮಾತ್ರ ನೆನೆಯುವ ಮಡಿಯಲ್ಲಿ ಬೇರೂ ಆ ಎರಡಂಗುಲದಲ್ಲೇ ಉಳಿಯುತ್ತದೆ. ಬೆರಳನ್ನು ಬುಡದವರೆಗೆ ಮಣ್ಣಿಗಿಳಿಸಿ ತೇವ ತಾಗಿದರೆ ಆ ದಿನ ನೀರು ಬೇಡ. ಮಧ್ಯಾಹ್ನ ಬಳ್ಳಿಯ ಎಲೆ ಜೋತುಬಿದ್ದದ್ದನ್ನು ನೋಡಿ ಗಾಬರಿಯಾಗಿ ನೀರು ಹಾಕುವುದು ಬೇಕಿಲ್ಲ, ಸಂಜೆಗೆ ತಾನೇ ಎದ್ದು ನಿಂತರೆ ಅದು ಬಿಸಿಲಿಗೆ ಸುಮ್ಮನಾದದ್ದಷ್ಟೇ. ಬೆಳಗ್ಗೆಯೂ ಜೋತಿದ್ದರೆ ಬಾಯಾರಿಕೆಯೋ ಬೇರಿನ ತೊಂದರೆಯೋ ಇದೆ. ಹೊಂಗೆ ಸೊಪ್ಪು, ತರಗೆಲೆ, ಕಬ್ಬಿನ ರವದಿ, ಏನು ಸಿಕ್ಕರೂ ಮೂರಂಗುಲ ದಪ್ಪಕ್ಕೆ ಹೊದಿಸಿ, ಗಿಡದ ಕಾಂಡಕ್ಕೆ ತಾಗದಂತೆ ಸ್ವಲ್ಪ ಬಿಡಬೇಕು. ಬಳ್ಳಿಗಳ ನಡುವೆ ಬಣ್ಣ ಬಳಿಯದ ಐದಾರು ಲೀಟರಿನ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ ಮುಚ್ಚಳ ಹಾಕಿಟ್ಟರೆ ಅದರ ಮೈಯಿಂದ ಜಿನುಗುವ ತೇವ ಸುತ್ತಲಿನ ಮೂರು ನಾಲ್ಕು ಗಿಡಗಳನ್ನು ಸಾಕುತ್ತದೆ. ಮುಚ್ಚಳ ಮರೆತರೆ ಸೊಳ್ಳೆ ಸಾಕಿದಂತಾಗುತ್ತದೆ.

ಹದಿನೈದು ದಿನಕ್ಕೊಮ್ಮೆ ಜೀವಾಮೃತ ಕೊಡಬಹುದು. ಹತ್ತು ಲೀಟರ್ ನೀರಿಗೆ ಅರ್ಧ ಕೆಜಿ ನಾಟಿ ಹಸುವಿನ ಸಗಣಿ, ಅರ್ಧ ಲೀಟರ್ ಗಂಜಲ, ನೂರು ಗ್ರಾಂ ಬೆಲ್ಲ, ನೂರು ಗ್ರಾಂ ಕಡಲೆಹಿಟ್ಟು ಅಥವಾ ಹುರುಳಿಹಿಟ್ಟು, ಬದುವಿನ ಮಣ್ಣು ಒಂದು ಚಿಟಿಕೆ ಬೆರೆಸಿ, ನೆರಳಲ್ಲಿ ಎರಡು ದಿನ ಇಟ್ಟು ಬೆಳಗ್ಗೆ ಸಂಜೆ ಕದಡಿ, ತೇವವಿರುವ ಮಣ್ಣಿಗೆ ಹಾಕಬೇಕು. ರಸ ಹೀರುವ ಕೀಟ ಕಂಡರೆ 50 ಗ್ರಾಂ ಬೇವಿನ ಬೀಜದ ತಿರುಳಿನ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಹಿಂಡಿ, ಸೋಸಿ, ಚೂರು ಸಾಬೂನು ಸೇರಿಸಿ ಸಂಜೆ ಎಲೆಯ ಕೆಳಭಾಗಕ್ಕೆ ಸಿಂಪಡಿಸಬೇಕು.

ಹಣ್ಣಿನ ಗಿಡ: ಈಗ ಗುಂಡಿ, ಆಮೇಲೆ ಸಸಿ

ಯುಗಾದಿಯ ಶುಭದಿನವೆಂದು ಒಂದು ವರ್ಷ ನರ್ಸರಿಯಿಂದ ಸೀಬೆಯ ಕಸಿ ಗಿಡ ತಂದು ನೆಟ್ಟು, ದಿನಕ್ಕೆರಡು ಕೊಡ ನೀರು ಹೊತ್ತು ಹಾಕಿದೆ. ಪಕ್ಕದ ಮನೆಯವರು ಅದೇ ಜಾತಿಯ ಗಿಡವನ್ನು ಜುಲೈನಲ್ಲಿ ನೆಟ್ಟರು. ದೀಪಾವಳಿಯ ಹೊತ್ತಿಗೆ ಅವರದು ನನ್ನದಕ್ಕಿಂತ ಒಂದು ಮೊಳ ಎತ್ತರವಿತ್ತು. ಬಯಲುಸೀಮೆಯಲ್ಲಿ ವಸಂತ ಕಾಲ ಹಣ್ಣಿನ ಸಸಿ ನೆಡುವ ಕಾಲವಲ್ಲ, ಗುಂಡಿ ತೋಡುವ ಕಾಲ. ಸೀಬೆ, ನಿಂಬೆಗಳಿಗೆ ಎರಡಡಿ ಉದ್ದ, ಅಗಲ, ಆಳದ ಗುಂಡಿ; ಮಾವಿಗೆ ಮೂರಡಿ. ಮೇಲ್ಮಣ್ಣನ್ನು ಒಂದು ಕಡೆ, ಕೆಳಮಣ್ಣನ್ನು ಇನ್ನೊಂದು ಕಡೆ ಹಾಕಿ, ಏಪ್ರಿಲ್ ಬಿಸಿಲಿಗೆ ಗುಂಡಿಯನ್ನು ಮೂರು ನಾಲ್ಕು ವಾರ ತೆರೆದಿಡಬೇಕು. ಬಳಿಕ ಮೇಲ್ಮಣ್ಣಿಗೆ ಹದಿನೈದು ಇಪ್ಪತ್ತು ಕೆಜಿ ಗೊಬ್ಬರ, ಒಂದು ಕೆಜಿ ಬೇವಿನ ಹಿಂಡಿ ಬೆರೆಸಿ ನೆಲಮಟ್ಟಕ್ಕಿಂತ ಎತ್ತರವಾಗಿ ತುಂಬಿದರೆ ಮುಂಗಾರುಪೂರ್ವ ಮಳೆಗೆ ಅದು ಕುಸಿದು ಹದವಾಗಿರುತ್ತದೆ.

ಪಪ್ಪಾಯಿಗೆ ಮಾತ್ರ ಈಗಲೇ ಬೀಜ ಹಾಕಬೇಕು. ಬೀಜದ ಮೇಲಿನ ಲೋಳೆಯ ಪೊರೆಯನ್ನು ಬೂದಿಯಲ್ಲಿ ಉಜ್ಜಿ ತೆಗೆಯದಿದ್ದರೆ ಮೊಳಕೆ ತಡವಾಗುತ್ತದೆ. ಏಪ್ರಿಲ್ ಮೊದಲಲ್ಲಿ ಸಣ್ಣ ಪಾಲಿಥಿನ್ ಚೀಲಗಳಿಗೆ ಹಾಕಿದ ಬೀಜ ಜೂನ್ ಹೊತ್ತಿಗೆ ನೆಡುವ ಸಸಿಯಾಗುತ್ತದೆ. ಅರ್ಕಾ ಸೂರ್ಯ, ಅರ್ಕಾ ಪ್ರಭಾತ್‌ನಂಥ ತಳಿಗಳಲ್ಲಿ ಬರಿಯ ಗಂಡು ಗಿಡಗಳು ಬಾರದಿರುವುದರಿಂದ ಎರಡೇ ಗಿಡಕ್ಕೆ ಜಾಗವಿರುವ ಮನೆಗೆ ಅವೇ ವಾಸಿ. ಪಪ್ಪಾಯಿಯ ಬುಡದಲ್ಲಿ ನೀರು ನಿಂತರೆ ಕಾಂಡ ಕೊಳೆಯುತ್ತದೆ, ಹಾಗಾಗಿ ಅದನ್ನು ದಿಬ್ಬದ ಮೇಲೆಯೇ ನೆಡಬೇಕು.

ಆಗಲೇ ಬೆಳೆದು ನಿಂತ ಮರಗಳಿಗೂ ಈಗ ಕೆಲಸವಿದೆ. ಮಾವು ಹೂ ಬಿಟ್ಟಿರುವಾಗ ನೀರು ಹಾಕದೆ, ಕಾಯಿ ಬಟಾಣಿಯಷ್ಟಾದ ಮೇಲೆ ಶುರುಮಾಡಬೇಕು. ಕಚ್ಚಿದ ಕಾಯಿಗಳಲ್ಲಿ ಬಹುಪಾಲು ಉದುರುವುದು ಸಹಜ. ನಿಂಬೆಯ ಹೊಸ ಚಿಗುರಿನ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವುದನ್ನು ಹತ್ತಿರದಿಂದ ನೋಡಿ. ಅದು ಚಿಟ್ಟೆಯ ಮರಿಹುಳು. ಕೆಲವೇ ದಿನಗಳಲ್ಲಿ ಹಸಿರಾಗಿ ದಪ್ಪವಾಗಿ ಚಿಗುರೆಲ್ಲ ತಿಂದು ಮುಗಿಸುತ್ತದೆ. ಕಸಿಯ ಗಂಟಿನ ಕೆಳಗಿಂದ ಬರುವ ಚಿಗುರನ್ನು ಕಂಡಾಗಲೇ ಮುರಿಯಬೇಕು, ಬಿಟ್ಟರೆ ಕೊನೆಗೆ ಬೇರುಗಿಡವೇ ಮರವಾಗುತ್ತದೆ.

ಏಪ್ರಿಲ್ ಕೊನೆಗೆ ಭರಣಿ ಮಳೆ ಬಂದೊಡನೆ ಮೊದಲು ಮಾಡಬೇಕಾದದ್ದು ತಗ್ಗುಮಡಿಯ ಬದುವನ್ನು ಇಳಿಜಾರಿನ ಕಡೆ ಒಡೆಯುವುದು. ಬೇಸಿಗೆಯಲ್ಲಿ ನೀರು ಹಿಡಿದಿಟ್ಟ ಮಡಿ ಒಂದು ಜೋರು ಮಳೆಗೆ ಕೆರೆಯಾಗಿ ಬೆಂಡೆಯ ಬುಡ ಕೊಳೆಸಬಲ್ಲದು. ಗಾಳಿಗೆ ಚಪ್ಪರದ ಕಂಬ ಅಲುಗಿದೆಯೇ ನೋಡಿ ಮತ್ತೆ ಬಿಗಿಯಬೇಕು. ಹಣ್ಣಿನ ಗುಂಡಿಯ ಮಣ್ಣು ಎಷ್ಟು ಕುಸಿದಿದೆಯೋ ಅಷ್ಟು ತುಂಬಿ, ನಡುವೆ ಗುರುತಿಗೊಂದು ಕೋಲು ನೆಟ್ಟು, ಸಸಿ ತರಲು ಜೂನ್‌ವರೆಗೆ ಕಾಯಬೇಕು.